ಹದಿನಾರು ದೇಶಗಳ ಸೊಸೈಟಿ ಮತ್ತು ನಮ್ಮ ಖವಾ ಭಟ್ಟಿ

ಹೋದ ತಿಂಗಳು ಬೆಳಗಾವಿಯ ರಾಮತೀರ್ಥ ನಗರದಲ್ಲಿ ನನ್ನ ಚಿಕ್ಕಮ್ಮನ ಮಗಳು ಗೀತಾಳ ಹೊಸ ಮನೆಯ ವಾಸ್ತುಶಾಂತಿ ಇತ್ತು. ಊಟ ಮುಗಿದು, ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಒಳಗೆ ಚಹಾಕ್ಕೆಂದು ಇಟ್ಟ ಹಾಲನ್ನು ಯಾರೋ ಮರೆತಿದ್ದರು, ವಾಸನೆ ಬಂತು. ಉಳಿದವರು ಮೂಗೆಳೆದು, ‘ಎಲ್ಲೋ ಹಾಲ ತಳ ಹತ್ತೇತಿ ನೋಡ್ರಿ’ ಎಂದು ತಮ್ಮ ಮಾತು ಮುಂದುವರಿಸಿದರು. ನಾನು ಮಾತ್ರ ಎದ್ದು ಓಡಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಕ್ಕ ಸೌಟಿನಿಂದ ಆ ಹಾಲನ್ನು ತಿರುವುತ್ತ ನಿಂತುಬಿಟ್ಟಿದ್ದೆ. ಗ್ಯಾಸ್ ಆರಿಸಬೇಕು ಎಂದು ಹೊಳೆಯಲೇ ಇಲ್ಲ. ಗೀತಾ ಬಂದು, ‘ಅಕ್ಕಾ, ಇದು ನಿಮ್ಮ ಖಾನಾಪುರದ ಭಟ್ಟಿ ಅಲ್ಲ, ಮೊದ್ಲ ಗ್ಯಾಸ್ ಬಂದ್ ಮಾಡ’ ಎಂದು ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕೈ ಇನ್ನೂ ತಿರುವುತ್ತಲೇ ಇತ್ತು, ಅದನ್ನು ನೋಡಿ ನನಗೇ ಅಳು ಬಂದಂತಾಯಿತು.

ಬಸ್ಸಿನಲ್ಲಿ ಖಾನಾಪುರಕ್ಕೆ ವಾಪಸು ಬರುವಾಗ ದಾರಿಯುದ್ದಕ್ಕೂ ಎರಡು ಸಾವಿರದ ಹತ್ತೊಂಬತ್ತರ ಆ ಮಳೆಗಾಲವೇ ತಲೆಯಲ್ಲಿ ಸುತ್ತುತ್ತಿತ್ತು. ಆ ವರ್ಷ ನಮ್ಮ ದೇಶ ಒಂದು ವಿಷಯಕ್ಕೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಕೂತು ಯೋಚಿಸುತ್ತಿತ್ತು. ದೇಶದ ಜೊತೆಗೆ ನಾನೂ ಕಾಯುತ್ತ ಕೂತಿದ್ದೆ.

ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ಶಿವಬಸವ ನಗರದಲ್ಲಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಕೊಟ್ಟದ್ದು ಖಾನಾಪುರಕ್ಕೆ, ಲೋಂಡಾ ರಸ್ತೆಯ ಬದಿಗಿರುವ ಮನೆಗೆ. ಸುತ್ತಲಿನ ಗೌಳಿಗರ ಹಾಲು ಕೊಂಡು, ಮನೆಯ ಎಮ್ಮೆಗಳ ಹಾಲನ್ನೂ ಸೇರಿಸಿ, ಭಟ್ಟಿಯ ದೊಡ್ಡ ಒಲೆಯ ಮೇಲೆ ಕಾಯಿಸಿ ಕಾಯಿಸಿ ಖವಾ ಮಾಡಿ ಬೆಳಗಾವಿಯ ಕುಂದಾ ಮಿಠಾಯಿಯ ಅಂಗಡಿಗಳಿಗೆ ಕಳಿಸುವುದು ಆ ಮನೆಯ ಕಸುಬು. ನನ್ನನ್ನು ನೋಡಲು ಬಂದ ದಿನ ಮಾವ ನಮ್ಮಪ್ಪನಿಗೆ, ‘ಹುಡುಗಿ ಸಾಲಿ ಕಲಸಾಕ ಹೋಗ್ತೀನಂದ್ರ ನಮ್ಮದೇನ ಅಡ್ಡಿ ಇಲ್ರಿ’ ಎಂದಿದ್ದರು. ಅಡ್ಡಿ ಇರಲಿಲ್ಲ, ಖರೆ. ಭಟ್ಟಿ ಇತ್ತು.

ಮದುವೆಯಾದ ವರ್ಷವೇ ಅತ್ತೆಯ ಬಲಭುಜ ಕೂತುಹೋಯಿತು. ಮೂವತ್ತು ವರ್ಷ ತಿರುವಿದ ಕೈ, ತಲೆ ಬಾಚಿಕೊಳ್ಳಲೂ ಮೇಲೇಳದಂತಾಯಿತು. ‘ಎಂಟ ದಿನ ನೋಡ್ಕೋ ಸವಿತಾ’ ಎಂದು ಸೌಟು ನನ್ನ ಕೈಗೆ ಬಂತು. ಅಯ್ಯೋ ನನ್ನ ಕರ್ಮವೇ, ನನ್ನ ಕೈಗೆ ಖವಾ ಒಲಿದುಬಿಟ್ಟಿತು! ರವೆ ರವೆಯಾಗಿ, ಒತ್ತಿದರೆ ತುಪ್ಪ ಬಿಡುವಂಥ ಖವಾ. ಬೆಳಗಾವಿಯ ಅಂಗಡಿಯ ಶೇಟಜಿ ಬೆರಳ ತುದಿಯಲ್ಲಿ ನೋಡಿ, ‘ಕೈ ಬದಲಾಗೇತಿ. ಇನ್ನ ಇದ ಕೈ ಇರ್ಲಿ’ ಎಂದು ನನ್ನ ಗಂಡನಿಗೆ ಹೇಳಿ ಕಳಿಸಿದರಂತೆ. ನನ್ನ ಗಂಡ ಪರಶುರಾಮ ದಿನಾ ಬೆಳಗ್ಗೆ ಟೆಂಪೋದಲ್ಲಿ ಖವಾ ಒಯ್ದು ಕೊಟ್ಟು ಬರುವವರು. ಆ ಮಾತನ್ನು ಅವರು ಮನೆಗೆ ಬಂದು ಬಹುಮಾನ ಸಿಕ್ಕವರಂತೆ ಹೇಳಿದರು. ಎಂಟು ದಿನ ನಾಲ್ಕು ವರ್ಷವಾಯಿತು.

ಆ ಮನೆಯಲ್ಲಿ ಒಂದು ಪದ್ಧತಿ ಉಂಟು. ಕಡಾಯಿಗೆ ಹಾಲು ಸುರಿದು ಯಾರು ಮೊದಲು ಸೌಟು ಆಡಿಸಿದರೋ ಅವರೇ ಅದನ್ನು ಇಳಿಸಬೇಕು. ನಡುವೆ ಕೈ ಬದಲಿಸಿದರೆ ಖವಾ ಕೆಡುತ್ತದೆ ಎಂದು ಅವರ ನಂಬಿಕೆ. ಹಾಲು ಗಟ್ಟಿಯಾಗುವ ಹೊತ್ತಿನಲ್ಲಂತೂ ಬಾಗಿಲಿಗೆ ತವರಿನವರೇ ಬಂದು ನಿಂತರೂ ಏಳುವಂತಿಲ್ಲ. ಒಮ್ಮೆ ನಮ್ಮಪ್ಪ ಬಂದವರು ಹೊರಗೆ ಕುರ್ಚಿಯಲ್ಲಿ ಕೂತು, ಒಳಗೆ ಹೊಗೆಯಲ್ಲಿ ಕೂತ ನನ್ನನ್ನು ಕಿಟಕಿಯಿಂದಲೇ ಮಾತಾಡಿಸಿ ಹೋಗಿದ್ದರು.

ಇನ್ನು ದೇಶದ ವಿಷಯ. ನಮ್ಮ ಪೂರ್ವಕ್ಕಿರುವ ದೇಶಗಳೆಲ್ಲ ಕೂಡಿ ಒಂದು ವ್ಯಾಪಾರದ ಕೂಟ ಕಟ್ಟುತ್ತಿದ್ದವು. ನಾವೂ ಸೇರಿದರೆ ಹದಿನಾರು ದೇಶ. ಸೇರಿದವರು ಒಬ್ಬರ ಸಾಮಾನಿಗೆ ಇನ್ನೊಬ್ಬರು ಗಡಿಯಲ್ಲಿ ಸುಂಕ ಹಾಕುವುದನ್ನು ಇಳಿಸುತ್ತ ಹೋಗಬೇಕು. ಸೇರಬೇಕೋ ಬೇಡವೋ ಎಂಬ ಮಾತು ವರ್ಷಗಟ್ಟಲೆ ನಡೆದಿತ್ತು. ಟಿವಿಯಲ್ಲಿ ದಿನಾ ಸಂಜೆ ಅದೇ ಗದ್ದಲ. ಸೇರಿದರೆ ನಮ್ಮ ಸಾಮಾನಿಗೆ ದೊಡ್ಡ ಪೇಟೆ ಎಂದು ಒಬ್ಬ, ಸೇರಿದರೆ ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ನಮ್ಮ ಎಮ್ಮೆಗಳೆಲ್ಲ ಮುಳುಗಿದವು ಎಂದು ಇನ್ನೊಬ್ಬ. ಅದರ ಇಂಗ್ಲಿಷ್ ಹೆಸರಿನ ನಾಲ್ಕು ಅಕ್ಷರ ನನ್ನ ಮಾವನ ನಾಲಿಗೆಯಲ್ಲಿ ಒಮ್ಮೆಯೂ ಹೊರಳಲಿಲ್ಲ. ಅವರು ಅದನ್ನು ‘ಹದಿನಾರ ದೇಶದ ಸೊಸೈಟಿ’ ಎನ್ನುತ್ತಿದ್ದರು. ಯಾರ ಜೊತೆ ಸೇರಬೇಕು, ಯಾರನ್ನು ಬಿಡಬೇಕು ಎನ್ನುವ ವಾದ ನಮ್ಮ ಗಡಿಯ ಕಡೆಯವರಿಗೇನು ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ್ದೇವೆ. ಹಾಗಾಗಿ ಮಾವನಿಗೆ ಈ ಜಗಳ ಬಲು ರುಚಿಸಿತು. ಬೆಳಗ್ಗೆ ವಿರೋಧ, ಸಂಜೆ ಪರ. ನಡುವೆ ಯಾರಾದರೂ ಒಪ್ಪಿಕೊಂಡರೆ ಅವರಿಗೆ ಸಿಟ್ಟು.

ಜೂನ್ ತಿಂಗಳಲ್ಲಿ ನಾನು ಮೊದಲು ಕಲಿಸುತ್ತಿದ್ದ ಶಾಲೆಯ ಹೆಡ್ ಮೇಡಮ್ ಫೋನ್ ಮಾಡಿದರು. ಗಣಿತದವರೊಬ್ಬರು ಹೆರಿಗೆಗೆ ಹೋಗುವವರಿದ್ದರು, ಮತ್ತೆ ಬರುವುದಿಲ್ಲ ಎಂದಿದ್ದರಂತೆ. ‘ಸವಿತಾ, ದೀಪಾವಳಿ ಸೂಟಿ ಮುಗಿಯೂತನಾ ನಿನ್ನ ಜಾಗಾ ಹಿಡಿತೀನಿ. ಆಮ್ಯಾಲ ನನ್ನ ಕೈಯಾಗಿಲ್ಲ’ ಎಂದರು. ಫೋನ್ ಇಟ್ಟಮೇಲೆ ನಾನು ದನದ ಕೊಟ್ಟಿಗೆಗೆ ಹೋಗಿ, ಎಮ್ಮೆಯ ಮೈಗೆ ಒರಗಿ, ಒಬ್ಬಳೇ ನಕ್ಕೆ. ಸೀಮೆಸುಣ್ಣದ ವಾಸನೆ, ಮಕ್ಕಳು ‘ಟೀಚರ್ ತಿಳೀಲಿಲ್ರಿ’ ಎನ್ನುವ ಗದ್ದಲ, ಎಲ್ಲ ಒಮ್ಮೆಲೇ ನೆನಪಾದವು. ನನಗೆ ಅದು ಬೇಕಿತ್ತು. ಹೊಟ್ಟೆ ಹಸಿದವರಿಗೆ ಅನ್ನ ಬೇಕಾಗುವಷ್ಟೇ ಬೇಕಿತ್ತು, ಇದನ್ನು ಹೇಳಲು ನನಗೆ ಈಗ ನಾಚಿಕೆ ಇಲ್ಲ.

ಆ ಸಂಜೆ ಟಿವಿ ಮುಂದೆ ಕೂತ ಮಾವನಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಸಿಟ್ಟಾಗಲಿಲ್ಲ. ಟಿವಿಯ ಧ್ವನಿ ಕಡಿಮೆ ಮಾಡಿ, ಗದ್ದ ಕೆರೆದುಕೊಂಡರು.

‘ನೋಡವಾ, ನೀ ಹ್ವಾದ್ರ ಭಟ್ಟಿ ಬಂದ್ ಆಗ್ತೈತಿ. ಅದೇನ ಸಣ್ಣ ಮಾತಲ್ಲ. ಹಿಂಗ ಮಾಡೂಣು. ದಿಲ್ಲಿಯವ್ರು ಈ ಸೊಸೈಟಿಗಿ ಸೇರಿದ್ರಂದ್ರ ಪುಡಿಹಾಲ ಬಂದ ಬರ್ತೈತಿ. ನಮ್ಮ ಖವಾ ಯಾವನ ಕೇಳ್ತಾನ ಆವಾಗ? ನಾನ ಭಟ್ಟಿ ಮುಚ್ಚಿ ಎಮ್ಮಿ ಮಾರ್ತೀನಿ. ನೀವಿಬ್ರೂ ಬೆಳಗಾವಿಗಿ ಹೋಗ್ರಿ, ಪರಶ್ಯಾ ಅಲ್ಲೆ ಫೌಂಡ್ರಿಯೊಳಗ ಕೆಲಸ ನೋಡ್ಕೊಳ್ಳಿ. ಸೇರಲಿಲ್ಲಂದ್ರ ಭಟ್ಟಿ ಇರ್ತೈತಿ, ನೀ ಇರ್ತಿ. ಆತಿಲ್ಲೊ?’

‘ಮಾತ ಮಾತ ಹೌದಲ್ರಿ ಮಾವಾರ?’ ಎಂದೆ.

‘ಮಾತಂದ್ರ ಮಾತ.’

ಹೀಗೆ ನನ್ನ ಬಾಳು ಹದಿನಾರು ದೇಶಗಳ ಕೈಗೆ ಹೋಯಿತು. ಇಡೀ ಖಾನಾಪುರ ತಾಲೂಕಿನಲ್ಲಿ ಪರದೇಶದ ಹಾಲಿನ ಪುಡಿ ಬರಲಿ, ಹಡಗು ತುಂಬಿ ಬರಲಿ ಎಂದು ಹರಕೆ ಹೊರುತ್ತಿದ್ದವಳು ನಾನೊಬ್ಬಳೇ ಇರಬೇಕು. ಅಂದಿನಿಂದ ಟಿವಿಯ ವಾದವನ್ನು ಪರೀಕ್ಷೆಗೆ ಓದುವ ಹುಡುಗಿಯಂತೆ ಕೇಳತೊಡಗಿದೆ. ಪರ ಮಾತಾಡುವ ಒಬ್ಬ ಬೋಳುತಲೆಯವರು ದಿನಾ ಬರುತ್ತಿದ್ದರು. ಅವರಿಗೆ ಆಯುಷ್ಯ ಹೆಚ್ಚಲಿ ಎಂದುಕೊಳ್ಳುತ್ತಿದ್ದೆ. ಅವರ ಮಾತನ್ನು ನಡುವೆ ಕತ್ತರಿಸುವ ನಿರೂಪಕಿಯನ್ನು ಕಂಡರೆ ಮೈಯೆಲ್ಲ ಉರಿ.

ಆದರೆ ಸೋನುಬಾಯಿ ಇದ್ದಳಲ್ಲ! ನಮಗೆ ಹಾಲು ಹಾಕುವ ಗೌಳಿಗರ ಹೆಂಗಸು. ಗಂಡನಿಲ್ಲ, ಎಮ್ಮೆಗಳೇ ಸಂಸಾರ. ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ; ಅತ್ತಿಗೆ ಎನ್ನಲು ಮಾತ್ರ ಮರಾಠಿಯ ‘ವೈನೀ’. ಬೆಳಗ್ಗೆ ಹಾಲಿನ ಕ್ಯಾನು ಇಳಿಸಿ, ಭಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನನ್ನ ಜೊತೆ ಚಹಾ ಕುಡಿದೇ ಹೋಗುತ್ತಿದ್ದಳು. ನಾಲ್ಕು ವರ್ಷ ನನಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಅವಳೊಬ್ಬಳೇ. ಮಾವನ ಬಾಯಿಂದ ಪುಡಿಹಾಲಿನ ಮಾತು ಕೇಳಿದಾಗಿನಿಂದ ಅವಳಿಗೆ ಜೀವದಲ್ಲಿ ಜೀವ ಇರಲಿಲ್ಲ.

‘ವೈನೀ, ನೀವು ಕಲತಾವ್ರು, ಖರೇ ಹೇಳ್ರಿ. ಬರ್ತೈತೇನ್ರಿ ಆ ಪುಡಿ?’

‘ಗೊತ್ತಿಲ್ಲ ಸೋನುಬಾಯಿ. ಇನ್ನೂ ಮಾತ ನಡದೈತಿ.’

‘ಬಂದ್ರ ನನ್ನ ಎಮ್ಮಿ ಯಾರ ತಗೋತಾರ? ನಂಗ ಬ್ಯಾರೆ ಏನ್ ಬರ್ತೈತಿ ಹೇಳ್ರಿ? ಎಮ್ಮಿ ಬಿಟ್ರ ಕೈಯಾಗ ಏನೂ ಇಲ್ಲ.’

ನಾನು ತಲೆಯೆತ್ತದೆ ಕಡಾಯಿ ತಿರುವುತ್ತಿದ್ದೆ. ಹೊಗೆಗೆ ಕಣ್ಣಲ್ಲಿ ನೀರು ಬರುವುದು ಒಳ್ಳೆಯದೇ ಆಯಿತು. ನಾನು ಬಿಡುಗಡೆ ಆಗಬೇಕಾದರೆ ಇವಳು ಹಾಳಾಗಬೇಕು, ಇವಳು ಉಳಿಯಬೇಕಾದರೆ ನಾನು ಇಲ್ಲೇ ಕೂತಿರಬೇಕು. ಯಾವ ಕಡೆ ಹೊರಳಿದರೂ ಗೋಡೆ. ಆ ದಿನಗಳಲ್ಲಿ ಅವಳು ತಂದ ಹಾಲನ್ನು ಸುರಿಯುವಾಗ ಅವಳ ಮುಖ ನೋಡುವುದನ್ನೇ ಬಿಟ್ಟಿದ್ದೆ.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಅಂಥ ಮಳೆಯನ್ನು ಅತ್ತೆಯೂ ಕಂಡಿರಲಿಲ್ಲ. ಮಲಪ್ರಭೆ ತುಂಬಿ ರಸ್ತೆಯ ಮೇಲೆ ಬಂತು. ಬೆಳಗಾವಿಯ ಹಾದಿ ಬಂದ್, ಲೋಂಡಾದ ಕಡೆ ಗುಡ್ಡ ಕುಸಿದು ರೈಲೂ ಬಂದ್. ಖವಾ ಕೊಟ್ಟು ಬರಲು ಹೋಗಿದ್ದ ನನ್ನ ಗಂಡ ಆ ಕಡೆಯೇ ಸಿಕ್ಕಿಬಿದ್ದರು. ಕರೆಂಟಿಲ್ಲ, ಫೋನಿಲ್ಲ, ಟಿವಿ ಇಲ್ಲ. ದೇಶ ಸೇರಿತೋ ಬಿಟ್ಟಿತೋ ಕೇಳುವ ದಾರಿಯೇ ಇಲ್ಲ. ಎಮ್ಮೆಗಳಿಗೇನು ಗೊತ್ತು ಹಾದಿ ಬಂದ್ ಆಗಿದೆಯೆಂದು? ಅವು ಹಾಲು ಕೊಡುತ್ತಲೇ ಇದ್ದವು. ಗೌಳಿಗರು ಗೋಣಿಚೀಲ ಹೊದ್ದು ಹಾಲು ತಂದೇ ತಂದರು. ಇಟ್ಟರೆ ಒಡೆಯುತ್ತದೆ, ಚೆಲ್ಲಿದರೆ ಪಾಪ. ಕಾಯಿಸಲೇಬೇಕು. ತೊಯ್ದ ಕಟ್ಟಿಗೆ ಉರಿಯದೆ ಬರೀ ಹೊಗೆ. ಬೆಳಗಿನಿಂದ ಸಂಜೆಯವರೆಗೆ ತಿರುವಿದೆ. ಮಾರಲು ಹೋಗದ ಖವಾ ಹಲಗೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಕೂತಿತ್ತು. ಬಾಗಿಲಾಚೆ ನೀರು, ಈಚೆ ಬೆಂಕಿ. ಒಂದು ಮಧ್ಯಾಹ್ನ ನಾನು ಜೋರಾಗಿ, ಯಾರಿಗೂ ಅಲ್ಲದೆ, ‘ಸಾಕ ಮಾಡ್ರಪಾ, ಸಾಕ!’ ಎಂದು ಕೂಗಿಬಿಟ್ಟೆ. ಅತ್ತೆ ಬಂದು ಎಡಗೈಯಿಂದ ನನ್ನ ಬೆನ್ನು ಸವರಿ ಹೋದರು.

ನೀರು ಇಳಿದ ಮೇಲೆ ಸೋನುಬಾಯಿ ಊರ ದೇವಿಗೆ ಕಾಯಿ ಒಡೆಸುವುದಿದೆ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಪುಡಿಹಾಲು ಬರಬಾರದೆಂದು ಅವಳ ಹರಕೆ. ‘ವೈನೀ, ನೀವೂ ಬೇಡ್ಕೊಳ್ರಿ. ಕಲತಾವ್ರ ಮಾತ ದೇವಿ ಲಗೂನ ಕೇಳ್ತಾಳ’ ಎಂದಳು. ಅವಳು ಕಣ್ಣುಮುಚ್ಚಿ ಮರಾಠಿಯಲ್ಲಿ ಏನೇನೋ ಬೇಡುತ್ತಿದ್ದಳು. ಬಾಜುವಿನಲ್ಲೇ ನಿಂತ ನಾನು ಕೈಮುಗಿದೆ. ಬರಲಿ ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲು ಮನಸ್ಸು ಬರಲಿಲ್ಲ. ಕೊನೆಗೆ ಎಲ್ಲರಿಗೂ ಒಳ್ಳೇದು ಮಾಡವ್ವಾ ಎಂದು, ಯಾರಿಗೂ ಉಪಯೋಗವಿಲ್ಲದ ಒಂದು ಬೇಡಿಕೆ ಸಲ್ಲಿಸಿ ಪ್ರಸಾದ ತಿಂದುಕೊಂಡು ಬಂದೆ.

ದಸರೆಯ ಹೊತ್ತಿಗೆ ಟಿವಿಯ ವಾದ ತಾರಕಕ್ಕೇರಿತು. ಇನ್ನೇನು ನಿರ್ಧಾರ ಆಗಿಯೇಬಿಡುತ್ತದೆ ಎನ್ನುತ್ತಿದ್ದರು. ಒಂದು ಸಂಜೆ ನಾನು ಕಡಾಯಿಯ ಮುಂದೆ ಕೂತಿದ್ದೆ, ಹಾಲು ಗಟ್ಟಿಯಾಗುತ್ತಿತ್ತು. ಪಡಸಾಲೆಯಲ್ಲಿ ನನ್ನ ಬೋಳುತಲೆಯವರು ಗೆದ್ದವರ ಧ್ವನಿಯಲ್ಲಿ, ಸೇರುವುದು ಹೆಚ್ಚುಕಡಿಮೆ ಖಚಿತ ಎನ್ನುತ್ತಿದ್ದರು. ನಾನು ಕತ್ತು ಚಾಚಿದೆ. ಮನಸ್ಸಿನಲ್ಲೇ ಬೆಳಗಾವಿಯಲ್ಲಿ ಬಾಡಿಗೆ ಮನೆ ಹಿಡಿದೆ, ಶಾಲೆಗೆ ಉಡುವ ಸೀರೆ ಇಸ್ತ್ರಿ ಮಾಡಿದೆ, ಹಲಗೆಯ ಮೇಲೆ ತ್ರಿಕೋನ ಬರೆದೆ. ಅಷ್ಟರಲ್ಲಿ ಕೈ ನಿಧಾನವಾಗಿತ್ತು. ನೋಡಿದರೆ ಖವಾ ಬೆಳ್ಳಗಿರುವ ಬದಲು ಬೆಲ್ಲದ ಬಣ್ಣಕ್ಕೆ ತಿರುಗಿದೆ! ಸೌಟಿನಿಂದ ತಳ ಕೆರೆದು ನೋಡಿದೆ. ತಳ ಹತ್ತಿರಲಿಲ್ಲ, ಪುಣ್ಯ. ಮಾವ ನೋಡಿ ತಲೆ ಕೊಡವಿ, ‘ಹೋಗ್ಲಿ, ಶೇಟಜಿ ಕಾಲಿಗಿ ಬಿದ್ದು ಕೊಟ್ಟ ಬಾರೋ’ ಎಂದು ಮಗನಿಗೆ ಹೇಳಿದರು.

ಮರುದಿನ ನನ್ನ ಗಂಡ ಟೆಂಪೋದಿಂದ ಜಿಗಿದೇ ಬಂದರು.

‘ಏ, ಶೇಟಜಿ ಏನಂದ್ರ ಗೊತ್ತೈತೇನ? ಕುಂದಾಕ್ಕ ಇದ ಬಣ್ಣ ಬೇಕಾಗಿತ್ತಂತ! ನಾವು ಮತ್ತ ಹುರಿಯೂ ಕೆಲಸ ಉಳೀತು, ದಿನಾ ಹಿಂಗ ಮಾಡಿ ಕಳಸ್ರಿ ಅಂದ್ರು. ಪರದೇಶದ ಪುಡಿ ಬರ್ಲಿ ಬಿಡ್ಲಿ, ಈ ಖವಾ ನಾವ ಬಿಡೂದಿಲ್ಲ ಅಂದ್ರು!’

ಮಾವ ತೊಡೆ ತಟ್ಟಿಕೊಂಡು ನಕ್ಕರು. ಬಿಡುಗಡೆಯ ಕನಸು ಕಾಣುತ್ತ ಮಾಡಿದ ತಪ್ಪೇ ನನಗೆ ಇನ್ನೊಂದು ಬೇಡಿ ಹಾಕಿತಲ್ಲ! ಹೆದರಿ ಹೆದರಿ ಕೇಳಿದೆ, ‘ಮಾವಾರ, ಮತ್ತ ಆ ಮಾತ?’

ಅವರ ನಗು ನಿಂತಿತು. ‘ಮಾತಂದ್ರ ಮಾತವಾ. ಹದಿನಾರ ದೇಶ ಕೂಡಿದ್ರ ನೀ ಹೋಗು. ಶೇಟಜಿಗಿ ನಾ ಹೇಳ್ತೀನಿ’ ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದಂತೆ ನಡೆದುಕೊಳ್ಳುತ್ತಿದ್ದರು, ಅದೇ ನನ್ನ ಸಂಕಟ.

ದೀಪಾವಳಿ ಬಂತು, ಹೋಯಿತು. ಶಾಲೆಯ ಸೂಟಿ ಮುಗಿಯುತ್ತ ಬಂದಿತ್ತು. ನವೆಂಬರಿನ ಮೊದಲ ವಾರದ ಒಂದು ಸಂಜೆ, ಎಲ್ಲೋ ಹೊರದೇಶದ ಸಭೆಯಲ್ಲಿ ನಮ್ಮವರು ನಾವು ಸೇರುವುದಿಲ್ಲ ಎಂದರು ಎಂಬ ಸುದ್ದಿ ಟಿವಿಯಲ್ಲಿ ಓಡಿತು. ಅಷ್ಟೇ. ವರ್ಷಗಟ್ಟಲೆ ನಡೆದ ವಾದ ಒಂದು ಸಾಲಿನಲ್ಲಿ ಮುಗಿದೇಹೋಯಿತು. ಬೋಳುತಲೆಯವರು ಆ ದಿನ ಬಂದಿರಲೇ ಇಲ್ಲ. ನಾನು ಆಗಷ್ಟೇ ಕಡಾಯಿಗೆ ಹಾಲು ಸುರಿದಿದ್ದೆ, ಆ ಮನೆಯ ಪದ್ಧತಿಯಂತೆ ಏಳುವಂತಿರಲಿಲ್ಲ. ಕೂತಲ್ಲೇ ಕೇಳಿದೆ, ಕೂತಲ್ಲೇ ತಿರುವಿದೆ.

ಸೋನುಬಾಯಿ ಸುದ್ದಿ ಕೇಳಿ ಓಡಿ ಬಂದಳು. ಹಿಂದಿನಿಂದ ನನ್ನನ್ನು ತಬ್ಬಿಕೊಂಡು, ‘ವೈನೀ, ಉಳದ್ನಿರಿ! ನಾ ಉಳದ್ನಿ! ನೀವು ಬೇಡ್ಕೊಂಡಿದ್ದಕ್ಕ ದೇವಿ ಕೇಳಿದ್ಲು’ ಎಂದು ಅಳತೊಡಗಿದಳು. ನಾನೂ ಅತ್ತುಬಿಟ್ಟೆ. ಅವಳು ಉಳಿದದ್ದಕ್ಕೆ ನನಗೆ ಸಂತೋಷವಾಗಿತ್ತು, ದೇವರಾಣೆ. ಆದರೆ ಅತ್ತದ್ದು ಅದಕ್ಕಲ್ಲ. ಅವಳು ತನ್ನ ಸೆರಗಿನಿಂದ ನನ್ನ ಕಣ್ಣೊರೆಸಿ, ಎಷ್ಟು ಮಮತೆ ನಿಮಗೆ ನನ್ನ ಮೇಲೆ ಎಂದು ಮತ್ತೆ ಅತ್ತಳು. ಅಷ್ಟು ಹೊತ್ತೂ ನನ್ನ ಬಲಗೈ ಸೌಟು ಬಿಟ್ಟಿರಲಿಲ್ಲ.

ಅಂದು ರಾತ್ರಿ ನನ್ನ ಗಂಡ ಊಟಕ್ಕೆ ಕೂತಾಗ ಎರಡು ರೊಟ್ಟಿ ಹೆಚ್ಚು ಉಂಡರು. ಆ ಐದು ತಿಂಗಳು ಅವರ ಮುಖದಲ್ಲಿದ್ದ ಗಂಟು ಬಿಚ್ಚಿತ್ತು. ಆಗ ತಿಳಿಯಿತು ನನಗೆ. ಈ ಮನುಷ್ಯನಿಗೆ ಫೌಂಡ್ರಿಯೂ ಬೇಕಿರಲಿಲ್ಲ, ಬೆಳಗಾವಿಯೂ ಬೇಕಿರಲಿಲ್ಲ. ನನಗೆ ಬೇಜಾರಾಗಬಾರದೆಂದು ಸುಮ್ಮನಿದ್ದರು ಅಷ್ಟೇ. ‘ನಿಮಗೂ ಬ್ಯಾಡಾಗಿತ್ತಲ್ಲ?’ ಎಂದೆ. ತಟ್ಟೆ ನೋಡುತ್ತ, ‘ಹಂಗೇನಿಲ್ಲ... ಟೆಂಪೋ ಬಿಟ್ಟ ಇರಾಕ ಆಗೂದಿಲ್ಲ ನಂಗ’ ಎಂದರು. ಮರುದಿನ ನಾನೇ ಹೆಡ್ ಮೇಡಮ್‌ಗೆ ಫೋನ್ ಮಾಡಿದೆ. ‘ಬರಾಕ ಆಗೂದಿಲ್ರಿ’ ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವರು ಕಾರಣ ಕೇಳಿದರು. ಪರದೇಶದ ಸಭೆಯೊಂದರಲ್ಲಿ ನನ್ನ ಕೆಲಸ ಹೋಯಿತು ಎಂದರೆ ಯಾರು ನಂಬುತ್ತಾರೆ?

ಎಂಟು ಹತ್ತು ದಿನ ನಾನು ಮಾವನ ಜೊತೆ ಮಾತಾಡಲಿಲ್ಲ. ಅವರಿಗೂ ಒಳಗೊಳಗೇ ಚುಚ್ಚುತ್ತಿತ್ತು ಎಂದು ಕಾಣುತ್ತದೆ. ಒಂದು ದಿನ ಬೆಳಗಾವಿಗೆ ಹೋದವರು ಟೆಂಪೋದಲ್ಲಿ ಒಂದು ದೊಡ್ಡ ಸ್ಟೀಲ್ ಕಡಾಯಿ ತಂದು ಅಂಗಳದಲ್ಲಿ ಇಳಿಸಿದರು. ಹಳೆಯ ಕಬ್ಬಿಣದ ಕಡಾಯಿಗಿಂತ ಅದು ದೊಡ್ಡದು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಭಾಂಡೆಯ ಅಂಗಡಿಯಲ್ಲಿ ಹೆಸರು ಹಾಕಿಸಿಯೇ ತಂದಿದ್ದರು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುವುದೆಂದರೆ ಮರ್ಯಾದೆ, ಯಜಮಾನರ ಹೆಸರನ್ನೇ ಹಾಕಿಸುವುದು ರೂಢಿ. ಇವರು ಅಂಚಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಸೌ. ಸವಿತಾ ಪರಶುರಾಮ’ ಎಂದು ನನ್ನದನ್ನು ಕೊರೆಸಿದ್ದರು, ಕೆಳಗೆ ‘ಬಿ.ಎಸ್ಸಿ., ಬಿ.ಎಡ್.’ ಎಂದು ಕೂಡ.

‘ಇಡೀ ತಾಲೂಕಿನ್ಯಾಗ ಇಂಥಾ ಕಡಾಯಿ ಇಲ್ಲ ನೋಡವಾ’ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸೋನುಬಾಯಿ ಕುಂಕುಮ ಹಚ್ಚಿದಳು. ನನ್ನ ಗಂಡ ಮೊಬೈಲಿನಲ್ಲಿ ಫೋಟೋ ತೆಗೆದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನು ನಗಬೇಕಿತ್ತು. ನಕ್ಕೆ.

ಎಲ್ಲರೂ ಹೋದಮೇಲೆ ಅತ್ತೆ ಮತ್ತು ನಾನಷ್ಟೇ ಉಳಿದೆವು. ಆ ಐದು ತಿಂಗಳಲ್ಲಿ ಹೋಗು ಎಂದೂ ಇರು ಎಂದೂ ಅವರು ಒಮ್ಮೆಯೂ ಅಂದವರಲ್ಲ. ಭಟ್ಟಿಯಿಂದ ಇಳಿಸಿದ ಹಳೆಯ ಕಡಾಯಿಯನ್ನು ಎಡಗೈಯಿಂದ ತಮ್ಮ ಕಡೆ ಎಳೆದುಕೊಂಡು, ನನ್ನ ಬೆರಳು ಹಿಡಿದು ಅದರ ಅಂಚಿನ ಒಂದು ಕಡೆ ಇಟ್ಟರು. ತುಸು ತಗ್ಗಾದಂತೆ ಹತ್ತಿತು, ಕಣ್ಣಿಗೆ ಏನೂ ಕಾಣಲಿಲ್ಲ.

‘ಇಲ್ಲೆ ನನ್ನ ಹೆಸರಿತ್ತವಾ. ನಿಮ್ಮ ಮಾವಾರ ಉಳಿಲೆ ಹೊಡಸಿದ್ರು, ಮದಿವ್ಯಾದ ಹೊಸದಾಗಿ. ದಿನಾ ತಿಕ್ಕಿ ತಿಕ್ಕಿ ನಾನ ಅಳಿಸೇನಿ’ ಎಂದರು.

ನಾನೂ ದಿನಾ ತಿಕ್ಕುತ್ತೇನೆ. ಬಿ.ಎಡ್. ಹೋಗಿದೆ. ಹೆಸರು ಇನ್ನೂ ಓದಲು ಬರುತ್ತದೆ.